ಮೀಟರಕ್ಕನ ಮೇಜು

ಮುಳ್ಳಿನ ಮೀಟರು ಕೆಟ್ಟರೆ ಎಲ್ಲರೂ ಹುಡುಕಿಕೊಂಡು ಬರುತ್ತಿದ್ದುದು ಮೀಟರಕ್ಕನನ್ನೇ. ರೇಡಿಯೋ, ಫ್ಯಾನು ರಿಪೇರಿಯವರು ಕರೆಂಟು ಅಳೆಯುವ ಆ ಹಳೆಯ ಡಬ್ಬಿಯ ನಡುವೆ ದಪ್ಪ ಗುಂಡಿಯೊಂದಿರುತ್ತದಲ್ಲ, ಮುಕ್ಕಾಲು ಪಾಲು ರೋಗ ಅದರ ಕೆಳಗಿನ ಹಿತ್ತಾಳೆ ಪಟ್ಟಿಗಳಲ್ಲೇ. ಪಟ್ಟಿಗೆ ಕೊಳೆ ಹಿಡಿದರೆ ಮುಳ್ಳು ಮಲಗಿತೆಂದೇ ಲೆಕ್ಕ. ಕೆಲವು ಮಹಾನುಭಾವರು ಮುಚ್ಚಳ ಕಿತ್ತವರೇ ಎಣ್ಣೆ ಸುರಿಯುತ್ತಾರೆ, ಅವರ ತಲೆ! ಮೀಟರಕ್ಕ ಹಾಗಲ್ಲ. ಗುಂಡಿಯನ್ನು ಅದರ ಸುತ್ತ ಬರೆದ ಅಂಕಿಗಳ ಒಂದೊಂದೇ ಮನೆಗೆ ತಿರುಗಿಸಿ, ಮುಳ್ಳು ಎಲ್ಲಿ ಏಳುವುದಿಲ್ಲವೆಂದು ನೋಡಿ, ಆಮೇಲೆಯೇ ಸ್ಕ್ರೂಗೆ ಕೈ ಹಾಕುವಳು. ಸತ್ತ ಪಟ್ಟಿಯೊಂದನ್ನೇ ಸ್ಪಿರಿಟ್ಟಿನಲ್ಲಿ ಒರೆಸಿದರೆ ಮುಗಿಯಿತು.

ನಾದಿನಿಗೂ ಅದನ್ನೇ ಕಲಿಸಿದ್ದಳು. ತಾನು ಮದುವೆಯಾಗಿ ಬಂದಾಗ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದ ಆ ಹುಡುಗಿಗೆ ಜಡೆ ಹೆಣೆದವಳೂ ಅವಳೇ, ಬೆಸುಗೆ ಕಲಿಸಿದವಳೂ ಅವಳೇ. ಈಗ ರಿಪೇರಿಯಾದ ಮೀಟರಿಗೆ ಮುಚ್ಚಳ ಬಿಗಿದು ಗಿರಾಕಿಗೆ ತಲುಪಿಸುವುದು ನಾದಿನಿಯ ಕೆಲಸ.

ಇತ್ತೀಚೆಗೆ ಏನಾಯಿತೋ, ಹೋದ ಮೀಟರುಗಳೆಲ್ಲ ತಿರುಗಿ ಬರತೊಡಗಿದವು. ಯಾವುದೋ ಒಂದು ಮನೆಯಲ್ಲಿ ಮುಳ್ಳು ಸತ್ತಿರುತ್ತಿತ್ತು. ಸ್ಪಿರಿಟ್ಟು ಮುಟ್ಟಿಸಿದರೆ ಎದ್ದುಬಿಡುತ್ತಿತ್ತು. 'ಒರೆಸಿದ್ದೆನಲ್ಲ! ಇಲ್ಲ, ಮರೆತೆನೇ?' ಮೀಟರಕ್ಕನಿಗೆ ತನ್ನ ಕೈಯ ಮೇಲೇ ನಂಬಿಕೆ ಹಾರಿಹೋಯಿತು. ಅನ್ನ ತಟ್ಟೆಯಲ್ಲೇ ಆರುತ್ತಿತ್ತು. "ವಯಸ್ಸಾಯ್ತಲ್ಲ ಅತ್ತಿಗೆ, ಬೇಜಾರು ಮಾಡ್ಕೋಬೇಡಿ" ಎಂದು ನಾದಿನಿ ಬೆನ್ನು ಸವರುತ್ತಿದ್ದಳು.

ಒಂದು ಮಧ್ಯಾಹ್ನ ರೇಡಿಯೋ ರಿಪೇರಿಯವನು ಮೀಟರನ್ನು ಮೇಜಿನ ಮೇಲೆ ಕುಕ್ಕಿದ. "ಏನಕ್ಕಾ ಇದು, ಮತ್ತೆ ಅದೇ ಗೋಳು!"

ಏನು ಕೆಟ್ಟಿದೆಯೆಂದು ಮೀಟರಕ್ಕ ಕೇಳಲೂ ಇಲ್ಲ. ಕುರ್ಚಿ ಬಿಟ್ಟು ಎದ್ದು ನಾದಿನಿಯತ್ತ ತಿರುಗಿದಳು. "ಬಾರೇ, ಕೂತ್ಕೋ. ನನ್ನ ಕೈ ಹೋಯ್ತು. ಇವತ್ತಿಂದ ಈ ಮೇಜು ನಿಂದು" ಎಂದಳು.

ನಾದಿನಿಯ ಮುಖ ಅರಳಿತು ನೋಡಿ! ಸರಸರನೆ ಸ್ಕ್ರೂ ಬಿಚ್ಚಿದಳು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದಳು, ಅಷ್ಟೊಂದು ಪಟ್ಟಿಗಳ ನಡುವೆ ಮೂಲೆಯ ಒಂದೇ ಒಂದನ್ನು ಒರೆಸಿ ಮುಚ್ಚಳ ಹಾಕಿದಳು. ಮುಳ್ಳು ಟಕ್ಕನೆ ಎದ್ದಿತು.

"ಭಲೇ! ಕೈ ಅಂದ್ರೆ ಇದು" ಎಂದು ರೇಡಿಯೋದವನು ಹಿಗ್ಗಿ, ಮೀಟರು ಎತ್ತಿಕೊಂಡು ಹೊರಟೇಹೋದ.

ಮೀಟರಕ್ಕ ಆ ಹತ್ತಿಯನ್ನು ಎತ್ತಿ ಮೂಸಿದಳು. ತಂತಿ ಸುತ್ತಿದ ಕಾಯಿಲ್ಲಿಗೆ ಬಳಿಯುವ ಅರಗಿನ ವಾರ್ನಿಷ್. ಪಟ್ಟಿಗೆ ತೆಳ್ಳಗೆ ಸವರಿದರೆ ಕಣ್ಣಿಗೆ ಕಾಣದು, ಕರೆಂಟು ಹಾಯದು, ಸ್ಪಿರಿಟ್ಟು ತಾಗಿದರೆ ಕರಗಿಹೋಗುವುದು.

"ನೀನು ಗುಂಡಿ ತಿರುಗಿಸಲೇ ಇಲ್ವಲ್ಲೇ."

ನಾದಿನಿ ಮೇಜಿನ ಮೇಲಿನ ಸ್ಕ್ರೂಡ್ರೈವರುಗಳನ್ನು ಜೋಡಿಸತೊಡಗಿದಳು.

"ಯಾವ ಪಟ್ಟಿ ಅಂತ ಹೆಂಗೆ ಗೊತ್ತಾಯ್ತು? ಹೇಳು."

"ಇನ್ನೇನು ಮಾಡ್ಲಿ ಅತ್ತಿಗೆ? ಬಂದೋರೆಲ್ಲ ನಿಮ್ಮನ್ನೇ ಕೇಳ್ತಿದ್ರು. ನಾನು ಸಾಯೋವರೆಗೂ ಸ್ಕ್ರೂ ಬಿಗೀತಾನೇ ಇರ್ಬೇಕಿತ್ತಾ?"

ಮೀಟರಕ್ಕನಿಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಬಾರಿಸಲು ಕೈ ಏಳಲಿಲ್ಲ. "ಮೇಜು ಬೇಕು ಅಂತ ಕೇಳಿದ್ರೆ ಅವತ್ತೇ ಕೊಡ್ತಿದ್ದೆ. ನನಗೆ ಮರೆವು ಬಂತು, ತಲೆ ಕೆಡ್ತು ಅಂತ ನನ್ನನ್ನೇ ನಂಬಿಸ್ಬಿಟ್ಟೆಯಲ್ಲೇ, ಪಾಪಿ!"

ಗೋಡೆಗೆ ನೇತುಹಾಕಿದ್ದ ತನ್ನ ಸ್ವಂತ ಮೀಟರನ್ನು ಇಳಿಸಿ ಸೆರಗಿನಲ್ಲಿ ಒರೆಸಿದಳು. ಗುಂಡಿಯನ್ನು ಒಂದೊಂದೇ ಮನೆಗೆ ತಿರುಗಿಸುತ್ತ ಬಂದಳು. ನಾಲ್ಕನೆಯ ಮನೆಯಲ್ಲಿ ಮುಳ್ಳು ಏಳಲಿಲ್ಲ. ಮುಚ್ಚಳ ಬಿಚ್ಚಿ, ಆ ಪಟ್ಟಿಗೆ ಸ್ಪಿರಿಟ್ಟಿನ ಹತ್ತಿ ಮುಟ್ಟಿಸಿ ಮೂಸಿದಳು: ಅದೇ ಅರಗು.