ಇಪ್ಪತ್ತೊಂದು ಮಿಲಿಮೀಟರ್

ಕೆ.ಬಿ. ಬಡಾವಣೆಯ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಹಾಯುವಾಗ, ಬೆಸುಗೆಯ ಕಾವಿಗೆ ಕರಗಿದ ರಾಳದ ಹೊಗೆ ಮೂಗಿಗೆ ತಗುಲಿದರೆ ಸಾಕು, ನಾನು ಹರಿಹರದ ನಮ್ಮ ಹಳೆಯ ಬಾಡಿಗೆ ಮನೆಯ ನಡುಮನೆಯಲ್ಲಿರುತ್ತೇನೆ. ಅಲ್ಲಿ ಕಿಟಕಿಯ ಕೆಳಗಿನ ಉದ್ದ ಹಲಗೆಯ ಮೇಲೆ ಅಪ್ಪ ಐರ್ಲೆಂಡಿನ ರೈಲುಹಳಿ ಕಟ್ಟುತ್ತಿದ್ದರು. ದಿನವೂ ಸುತ್ತಿಗೆ ಹಿಡಿದು ಹಳಿಯ ಗುಂಟ ನಡೆದು, ಸಡಿಲಾದ ಕೀಲಿಗಳನ್ನು ಬಿಗಿ ಮಾಡುವುದು ಅವರ ನೌಕರಿ. ಒಮ್ಮೆ ತುಂಗಭದ್ರೆಯ ರೈಲು ಸೇತುವೆ ನೋಡಲು ಬಂದ ಐರಿಷ್ ಮುದುಕರೊಬ್ಬರು ಅಪ್ಪನ ಸ್ನೇಹಿತರಾಗಿ, ತಮ್ಮೂರಿನ ಪುಟ್ಟ ಎಂಜಿನ್ ಮಾದರಿಯೊಂದನ್ನು ಮಾಡಿ ಕಳಿಸುತ್ತೇನೆಂದು ಮಾತು ಕೊಟ್ಟಿದ್ದರು. ಅದು ಓಡಲೆಂದೇ ಈ ಹಳಿ. ಅವರದೂ ಬ್ರಾಡ್‌ಗೇಜೇ, ಆದರೆ ಎರಡು ಹಳಿಗಳ ನಡುವಿನ ಅಂತರ ನಮ್ಮದಕ್ಕಿಂತ ಮೂರು ಇಂಚು ಕಿರಿದು. ಮಾದರಿಯಲ್ಲಿ ಆ ಮೂರು ಇಂಚು ಒಂದೇ ಮಿಲಿಮೀಟರ್: ನಮ್ಮ ಹಳಿಗೆ ಇಪ್ಪತ್ತೆರಡು, ಅವರದಕ್ಕೆ ಇಪ್ಪತ್ತೊಂದು. "ಈ ಊರ ಹಳಿ ಸಾಲ್ದು ಅಂತ ಆ ಊರಿಂದೂ ಮನೀಗೆ ತಂದಾರ ನಿಮ್ಮಪ್ಪ," ಎಂದು ಅಮ್ಮ ಹಂಗಿಸುತ್ತಿದ್ದಳು. ಸಕ್ಕರೆ ಕಾಯಿಲೆ ಅಪ್ಪನ ದೃಷ್ಟಿಯನ್ನು ತಿನ್ನುತ್ತಿತ್ತು. "ಕಣ್ಣು ಇರೋದ್ರೊಳಗ ಒಮ್ಮೆ ಆ ಎಂಜಿನ್ ಓಡೋದು ನೋಡ್ಬೇಕು," ಎನ್ನುತ್ತಿದ್ದರು, ಅಷ್ಟೇ.

ಹಳಿ ಕೆಲಸದ ಅವರ ಗ್ಯಾಂಗಿನಲ್ಲಿ ಒಂದು ಪದ್ಧತಿಯಿತ್ತು, ಅದನ್ನು ಮನೆಗೂ ತಂದಿದ್ದರು. "ಹಳಿ ಹಾಕಿದೋನೇ ಅದನ್ನ ಅಳೀಬಾರ್ದವ್ವ. ಅವನ ಕಣ್ಣು ಅವನಿಗೇ ಸುಳ್ಳು ಹೇಳ್ತೈತೆ." ಹಾಗಾಗಿ ಅಳೆಯುವವಳು ನಾನು. ಅಂತರ ತಪ್ಪದಂತೆ ಎರಡು ಹಳಿಗಳ ನಡುವೆ ಇಟ್ಟುಕೊಂಡು ಬೆಸೆಯಲು ಅವರು ಹಿತ್ತಾಳೆಯ ತುಂಡೊಂದನ್ನು ಅರದಿಂದ ಉಜ್ಜಿ ನನ್ನ ಮುಂದೆ ಹಿಡಿದ ಸಂಜೆ, ಮರುದಿನ ನನಗೆ ಗಣಿತ ಪರೀಕ್ಷೆಯಿತ್ತು. "ಪುಟ್ಟಿ, ಇಪ್ಪತ್ತೊಂದು ಐತಾ ನೋಡು." ಸ್ಕೇಲು ಪಕ್ಕದ ಚೀಲದಲ್ಲೇ ಇತ್ತು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. "ಐತಪ್ಪ," ಎಂದೆ. ಅಪ್ಪ ನಂಬಿದರು. ಬೇಸಿಗೆ ಮುಗಿದು ಮಳೆಗಾಲ ಕಳೆಯುವವರೆಗೆ, ಭೂತಗನ್ನಡಿಯನ್ನು ಹುಬ್ಬಿಗೊತ್ತಿಕೊಂಡು, ಆ ತುಂಡನ್ನೇ ನಡುವಿಟ್ಟು ಹಲಗೆಯುದ್ದಕ್ಕೂ ಹಳಿ ಬೆಸೆದರು.

ಎಂಜಿನ್ ಬಂತು. ಕಡುಹಸಿರು, ತೆಳ್ಳನೆಯ ಚಕ್ರಗಳು. ಅಪ್ಪ ಅದನ್ನು ಹಳಿಯ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಳ್ಳಿದರು. ಗೇಣುದ್ದ ಹೋಗಿ ಎರಡು ಹಳಿಗಳ ನಡುವೆ ಕುಸಿದು ಕೂತಿತು. ಆಗ ನಾನು ಸ್ಕೇಲು ತೆಗೆದೆ. ಇಪ್ಪತ್ತೆರಡು. "ನೋಡು, ಈ ಕೈಗೆ ಹರಿಹರದ ಹಳಿ ಬಿಟ್ರೆ ಬ್ಯಾರೆ ಗೊತ್ತೇ ಇಲ್ಲ," ಎಂದು ಅಪ್ಪ ನಕ್ಕರು. ತಪ್ಪು ತಮ್ಮದೆಂದೇ ತಿಳಿದರು. ನಾನು ಅಳೆದಿರಲಿಲ್ಲ ಎಂಬುದನ್ನು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅಪ್ಪ ಎಲ್ಲವನ್ನೂ ಕಿತ್ತು ಮತ್ತೆ ಶುರು ಮಾಡಿದರು. ಮೊಳದುದ್ದ ಆಗುವಷ್ಟರಲ್ಲಿ ಕಣ್ಣು ಹೋಯಿತು. ಕೊನೆಯ ವರ್ಷ ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಚಕ್ರ ತಿರುಗಿಸುತ್ತ ಕೂತಿರುತ್ತಿದ್ದರು, ಅದರ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು.

ಹೋದ ತಿಂಗಳು ಉಳಿದ ಹಳಿಯನ್ನು ನಾನೇ ಬೆಸೆದು ಮುಗಿಸಿದೆ. ಗೇಣು ಗೇಣಿಗೂ ಅಳೆದಿದ್ದೇನೆ, ಇಪ್ಪತ್ತೊಂದೇ ಇದೆ. ಆದರೆ ಹಾಕಿದವಳೂ ನಾನೇ, ಅಳೆದವಳೂ ನಾನೇ. ಎಂಜಿನ್ನನ್ನು ಇನ್ನೂ ಹಳಿಯ ಮೇಲಿಟ್ಟಿಲ್ಲ, ಹಲಗೆಯ ಪಕ್ಕದಲ್ಲೇ ಇದೆ.