ಅಳತೆ ಬ್ಲೌಸ್

ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಎಚ್‌ಐವಿ ಬಗ್ಗೆ ಗೊತ್ತಿಲ್ಲದವರು ಯಾರೂ ಇಲ್ಲ. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಕೂತು ಉಂಡರೆ ಬರುವುದಿಲ್ಲ ಎಂದು ಎಲ್ಲರೂ ಒಪ್ಪಿಸಬಲ್ಲರು. ಎದುರುಮನೆಯ ಮೇಡಂ ಅಂತೂ ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹಾಗಾಗಿ ಬ್ಲೌಸ್ ಹೊಲಿಯುವವಳ ಸುದ್ದಿ ಹಬ್ಬಿದಾಗ ನಮ್ಮವರು ಸಣ್ಣತನ ತೋರಲಾರರು ಎಂದೇ ನಾನು ನಂಬಿದ್ದೆ.

ಅವಳು ಮೂಲೆಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡಿದ್ದಳು. ತೌರು ಗುಬ್ಬಿ ಕಡೆಯ ಸಿ.ಎಸ್. ಪುರ. ಗಂಡ ತೀರಿಕೊಂಡಾಗ ಕಾಮಾಲೆ ಅಂದಿದ್ದನ್ನು ಯಾರೂ ಕೆದಕಿರಲಿಲ್ಲ. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಎಚ್‌ಐವಿ ಮಾತ್ರೆ ಕೊಡುವ ಕಡೆ ಅವಳು ಸಾಲಿನಲ್ಲಿ ನಿಂತಿದ್ದನ್ನು ನಮ್ಮ ಬೀದಿಯವರೊಬ್ಬರು ಕಂಡರು. ಬಿಪಿ ತೋರಿಸಲು ಹೋಗಿದ್ದರಂತೆ. ಸಂಜೆಯೊಳಗೆ ಬೀದಿಗೆಲ್ಲ ಬಿಪಿ ಏರಿತ್ತು.

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಬಟ್ಟೆಯ ಒಳಮಗ್ಗುಲು ನೋಡಿಯೇ ಅಂಕ ಕೊಡುತ್ತಿದ್ದರು. ಆ ಅಭ್ಯಾಸ ನನಗೆ ಇನ್ನೂ ಬಿಟ್ಟಿಲ್ಲ. ಇವಳ ಕೈಹೊಲಿಗೆ ಅಕ್ಕಿಕಾಳು ಜೋಡಿಸಿದ ಹಾಗೆ ಸಮ. ಹುಕ್ಕು ಹಾಕುವಾಗ ಕೊನೆಗೆ ದಾರವನ್ನು ಒಂದು ಸುತ್ತು ಹೆಚ್ಚಿಗೆ ಸುತ್ತುತ್ತಿದ್ದಳು.

ಮೇಡಂ ಮನೆಯ ಅರಿಶಿನ ಕುಂಕುಮಕ್ಕೆ ಸೇರಿದ್ದಾಗ ಮಾತು ಎದ್ದಿತು. ಸೂಜಿ ಕೆಲಸ ಅಲ್ವಾ, ಬೆರಳಿಗೆ ಚುಚ್ಚಿಕೊಂಡಿರ್ತಾಳೆ ಎಂದು ಒಬ್ಬರು ರಾಗ ಎಳೆದರು. ಮೇಡಂ ಆಕೆಯ ಬಾಯಿ ಮುಚ್ಚಿಸಿದರು.

"ಬಟ್ಟೆಯಿಂದ ಏನೂ ಬರಲ್ಲ ಕಣ್ರಮ್ಮ. ಪಾಪ, ನಾವೇ ಕೈಬಿಟ್ರೆ ಹೆಂಗೆ? ಎಲ್ಲಾ ಅವಳ ಹತ್ರಾನೇ ಹೊಲಿಸಿ."

ನನಗೆ ಅವರ ಬಗ್ಗೆ ಗೌರವ ಹುಟ್ಟಿತು. ಬಾಗಿನದಲ್ಲಿ ಬಂದು ಬೀರುವಿನಲ್ಲಿ ಬಿದ್ದಿದ್ದ ರವಿಕೆ ಕಣಗಳೆಲ್ಲ ಮೂಲೆಮನೆ ಸೇರಿದವು. ಮಿಷನ್ ಮೊದಲಿಗಿಂತ ಜೋರಾಗಿ ಓಡಿತು. ಎಲ್ಲರೂ ಬಿಟ್ಟೇಬಿಡ್ತಾರೆ ಅಂದುಕೊಂಡಿದ್ದೆ, ಇನ್ನು ಇಲ್ಲೇ ಇದ್ದು ಬದುಕಬಹುದು ಎಂದು ಅವಳು ನನ್ನ ಹತ್ತಿರ ಹೇಳಿಕೊಂಡಳು.

ನಾನು ಸೀರೆಗೆ ಫಾಲ್ ಹಾಕಿಸಲು ಹೋಗಿ ಕೂತಿದ್ದ ದಿನ ಮೇಡಂ ಮನೆಯ ಕೆಲಸದವಳು ಅಲ್ಲಿಗೆ ಬಂದಳು. ಕವರಿನಿಂದ ಕೆಲವು ಬ್ಲೌಸ್ ತೆಗೆದು, "ಅಕ್ಕಾ, ಇವು ನಂಗೆ ಒಸಿ ಬಿಗಿ ಆಗ್ಬೋದು. ತೋಳ್ ತಾವ ಒಂದೊಂದ್ ಹೊಲಿಗೆ ಬಿಚ್ಕೊಡು" ಅಂದಳು.

ಮೇಲಿನದನ್ನು ಬಿಡಿಸಿ ಹೊಲಿಯುವವಳು ಹುಕ್ಕಿನ ಕಡೆ ನೋಡಿದಳು. ನನಗೂ ಗುರುತು ಸಿಕ್ಕಿತು. ಗೌರಿ ಹಬ್ಬಕ್ಕೆಂದು ಮೇಡಂಗೆ ಅವಳೇ ಹೊಲಿದುಕೊಟ್ಟ ಹಸಿರು ರೇಷ್ಮೆ ಬ್ಲೌಸ್. ಇಸ್ತ್ರಿಯ ಮಡಿಕೆ ಕೂಡ ಮುರಿದಿರಲಿಲ್ಲ. ಅದರ ಕೆಳಗಿನದು ಪಕ್ಕದ ಮನೆಯವರದು. ಅದಕ್ಕೂ ಬೆವರು ತಾಕಿರಲಿಲ್ಲ.

"ಯಾರ್ ಕೊಟ್ರು ಇವನ್ನ?"

"ಅಮ್ಮೋರು ಕಣಕ್ಕ. ಬೀದಿಯೋರೆಲ್ಲ ಕೊಡ್ತಾವ್ರೆ. ಅವರು ಹಾಕ್ಕೊಳಲ್ವಂತೆ. ಎಲ್ಲಾ ಹೊಸವೇ, ನಮ್ ಪುಣ್ಯ ನೋಡು."

ಅವಳು ಬ್ಲೇಡ್ ತೆಗೆದುಕೊಂಡು ತಾನೇ ಹಾಕಿದ್ದ ಹೊಲಿಗೆಯನ್ನು ಮೆಲ್ಲಗೆ ಬಿಚ್ಚಿದಳು. ಕೆಲಸದವಳು ಖುಷಿಯಾಗಿ ಹೊರಟುಹೋದ ಮೇಲೆ ಹೊಲಿಯುವವಳು ನನ್ನ ನೈಟಿಯ ತೋಳಿನ ಕಡೆ ನೋಡಿದಳು. ಅವಳ ಮನೆಗೆ ನಾವೆಲ್ಲ ಹೋಗುತ್ತಿದ್ದದ್ದು ನೈಟಿಯಲ್ಲಿ, ಇಲ್ಲವೇ ಚೂಡಿದಾರಿನಲ್ಲಿ. ಸೀರೆ ಉಟ್ಟು ಸೇರುವ ಹಬ್ಬ ಮದುವೆಗೆ ಅವಳನ್ನು ಕರೆಯುವವರೇ ಇರಲಿಲ್ಲ. ತಾನು ಹೊಲಿದದ್ದನ್ನು ಯಾರು ತೊಟ್ಟರು, ಯಾರು ತೊಡಲಿಲ್ಲ ಎಂದು ಅವಳಿಗೆ ತಿಳಿಯುವುದಾದರೂ ಹೇಗೆ?

"ನಾನು ಹಾಕ್ಕೋತೀನಮ್ಮ, ಎಲ್ಲಾನೂ" ಎಂದೆ. ಅದು ನಿಜವೇ ಆಗಿತ್ತು.

"ಇರ್ಲಿ ಬಿಡಿ ಅಕ್ಕ."

ಮರುದಿನ ಅವಳು ಹೊಲಿದ ನೀಲಿ ಬ್ಲೌಸ್ ತೊಟ್ಟು ಹೋದೆ. ಬಾಗಿಲು ತೆರೆಯಲಿಲ್ಲ. ಆ ವಾರ ಕಳೆಯುವುದರೊಳಗೆ ಮಿಷನ್ನನ್ನು ಗಾಡಿಗೆ ಹಾಕಿಕೊಂಡು ಊರಿಗೆ ಹೊರಟುಹೋಗಿದ್ದಳು. ಅಳತೆಗೆಂದು ಅವಳ ಹತ್ತಿರ ನಾವು ಬಿಟ್ಟಿದ್ದ ಹಳೆಯ ಬ್ಲೌಸುಗಳು ಇಸ್ತ್ರಿಯಾಗಿ, ಕವರಿನಲ್ಲಿ, ಅವರವರ ಗೇಟಿಗೆ ನೇತಾಡುತ್ತಿದ್ದವು.

ಮೇಡಂ ತಮ್ಮ ಕವರನ್ನು ಎರಡು ಬೆರಳಲ್ಲಿ ಹಿಡಿದು ಕೆಲಸದವಳ ಕೈಗೆ ದಾಟಿಸಿದರು. "ನೋಡಿ, ಎಷ್ಟು ಸಪೋರ್ಟ್ ಮಾಡಿದ್ವಿ ನಾವು! ಒಂದು ಮಾತೂ ಹೇಳದೆ ಹೋದ್ಳು" ಎಂದು ನನ್ನ ಹತ್ತಿರ ನೊಂದುಕೊಂಡರು. ಕುಣಿಗಲ್ ರಸ್ತೆಯಲ್ಲಿ ಒಬ್ಬಳು ಚೆನ್ನಾಗಿ ಹೊಲಿಯುತ್ತಾಳಂತೆ, ನಂಬರ್ ಬೇಕಾ ಎಂದೂ ಕೇಳಿದರು.

ನನ್ನ ಕವರ್ ಕೂಡ ಗೇಟಿನ ಮೇಲೆಯೇ ಇತ್ತು. ನಾನು ಬೆಳಗಿನಿಂದ ಮನೆಯಲ್ಲೇ ಇದ್ದೆ. ಅವಳು ಬೆಲ್ ಒತ್ತಿರಲಿಲ್ಲ.