ಎಡಗೈಯಲ್ಲಿ ಉಸಿರು

ಎರಡು ವರ್ಷ ಮಳೆ ಕೈಕೊಟ್ಟಾಗ ಭಾಲ್ಕಿ ಕಡೆಯ ಮದುವೆ ಬ್ಯಾಂಡಿನವರೆಲ್ಲ ಪುಣೆಗೆ ದುಡಿಯಲು ಹೋದರು. ನಾವು ಚಾಚಾ ಎಂದು ಕರೆಯುತ್ತಿದ್ದ ಔರಾದಿನ ಶಹನಾಯಿ ವಾದಕರೂ ಕಟ್ಟಡದ ಕೆಲಸ ಹಿಡಿದು ಅವರ ಜೊತೆಗೆ ಹೊರಟರು.

ನಾನಾಗ ಬೀದರಿನ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದೆ. ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ಅಕ್ಕ ಹಾಡು ಕಟ್ಟುವಳು, ಚಾಚಾ ಶಹನಾಯಿ ನುಡಿಸುವರು, ನಾನು ಅದನ್ನು ಧ್ವನಿಮುದ್ರಿಸಿ ಭಾಲ್ಕಿಯ ಬುದ್ಧ ವಿಹಾರದಲ್ಲಿ ಕೇಳಿಸುವೆ. ಆ ಸಲ ಚಾಚಾ ಇರಲಿಲ್ಲ. ಹೈದರಾಬಾದಿನಿಂದ ಹಳೆಯದೊಂದು ಮಿಡಿ ಕೀಬೋರ್ಡ್ ತಂದೆ. ಅದಕ್ಕೆ ಸ್ವಂತ ದನಿಯಿಲ್ಲ. ಕಂಪ್ಯೂಟರಿಗೆ ಜೋಡಿಸಿ ಕೀ ಒತ್ತಿದರೆ ಅದರೊಳಗಿನ ಶಹನಾಯಿ ನುಡಿಯುತ್ತದೆ.

ಹೆಮ್ಮೆಯಿಂದ ಅಕ್ಕನಿಗೆ ಕೇಳಿಸಿದೆ.

“ಸುರ ಬರೋಬ್ಬರಿ ಅವ. ಆದ್ರ ಇದರಾಗ ಊದೋರೇ ಇಲ್ಲಲ್ಲ. ಕಾರಖಾನಿ ಭೋಂಗಾ ಹೊಡದಂಗ ಕೇಳ್ತದ,” ಎಂದಳು.

ಸಿಟ್ಟು ಬಂತು. ಮತ್ತೆ ಕೇಳಿದಾಗ ಅವಳ ಮಾತು ನಿಜವೆನಿಸಿತು. ಪ್ರತಿ ಸ್ವರವೂ ಒಂದೇ ಬಲದಲ್ಲಿ ಹುಟ್ಟಿ, ಅದೇ ಬಲದಲ್ಲಿ ನಿಂತು, ಕತ್ತರಿಸಿದಂತೆ ಮುಗಿಯುತ್ತಿತ್ತು. ಕೀಬೋರ್ಡಿನ ಎಡಬದಿಗೆ ಒಂದು ಚಕ್ರವೂ ಒಂದು ಜಾರುಗುಂಡಿಯೂ ಇದ್ದವು. ನಾನು ಅವನ್ನು ಮುಟ್ಟಿಯೇ ಇರಲಿಲ್ಲ. ಚಕ್ರ ತಿರುಗಿಸಿದರೆ ಸ್ವರ ಜಾರುತ್ತಿತ್ತು. ಗುಂಡಿಯನ್ನು ಮೇಲೆ ಸರಿಸಿದರೆ ದನಿ ತುಂಬುತ್ತಿತ್ತು, ಕೆಳಗಿಳಿಸಿದರೆ ದಮ್ಮು ಮುಗಿದಂತೆ ತೆಳುವಾಗುತ್ತಿತ್ತು.

“ಅಕ್ಕಾ, ನೀ ಹಾಡು. ನಿನ್ನ ಉಸಿರು ನೋಡಿ ನಾ ಈ ಗುಂಡಿ ಸರಸ್ತೇನಿ.”

“ನಾ ಉಸಿರು ತಗೊಂಡಲ್ಲಿ ನೀನೂ ದನಿ ಪೂರಾ ಬಿಡು. ಮಧ್ಯದಾಗ ತುಂಬಬ್ಯಾಡ.”

ರಜೆಯ ಮಧ್ಯಾಹ್ನಗಳೆಲ್ಲ ಹಾಗೇ ಕಳೆದವು. ಎದುರು ಕೂತು ಅಕ್ಕ ಹಾಡುವಳು. ನನ್ನ ಬಲಗೈಯಲ್ಲಿ ಸ್ವರ, ಎಡಗೈಯಲ್ಲಿ ಉಸಿರು. ಮೊದಮೊದಲು ಎಡಗೈ ಹಿಂದೆ ಬೀಳುತ್ತಿತ್ತು. ಒಂದು ದಿನ ಉದ್ದನೆಯ ಸ್ವರವೊಂದನ್ನು ಮೆಲ್ಲಗೆ ಏರಿಸಿ, ಚಕ್ರವನ್ನು ಕೂದಲೆಳೆಯಷ್ಟು ನಡುಗಿಸಿ, ಹಾಗೇ ಇಳಿಸಿದೆ. ಅಕ್ಕ ಹಾಡು ನಿಲ್ಲಿಸಿದಳು.

“ಇನ್ನೊಮ್ಮಿ ಬಾರ್ಸು,” ಎಂದು ಕಣ್ಣು ಮುಚ್ಚಿದಳು.

ಪೂರ್ಣಿಮೆಯ ದಿನ ವಿಹಾರದ ಬಾಗಿಲಲ್ಲಿ ಚಾಚಾ ನಿಂತಿದ್ದರು, ನೆಂಟರ ಮದುವೆಗೆಂದು ಊರಿಗೆ ಬಂದಿದ್ದರಂತೆ. ಅವರನ್ನು ಕಂಡು ನಾನು ಅಕ್ಕನ ಹಿಂದೆ ಸರಿದೆ. ತಮ್ಮ ಜಾಗವನ್ನು ಯಂತ್ರಕ್ಕೆ ಕೊಟ್ಟೆವೆಂದು ನೊಂದುಕೊಂಡರೆ? ಮುದ್ರಿಸಿದ ಹಾಡು ಮುಗಿದ ಮೇಲೆ ನನ್ನ ಹತ್ತಿರ ಬಂದರು.

“ಬೇಟಿ, ಶಹನಾಯಿ ಊದಿದವ್ರು ಯಾರು? ಲಾತೂರಿನವರೇನು? ದಮ್ಮು ಛಲೋ ಅದ.”

ಅಕ್ಕ ನನ್ನ ಭುಜ ಹಿಡಿದು, “ಇಕಿನೇ ಬಾರ್ಸ್ಯಾಳ್ರಿ ಚಾಚಾ, ಕೀಬೋರ್ಡ್ ಮ್ಯಾಲ,” ಎಂದಳು.

ಅವರು ನಂಬಲಿಲ್ಲ. ಮರುದಿನ ಬೀದರಿಗೆ ನಮ್ಮ ಮನೆಗೇ ಬಂದರು. ನಾನು ನುಡಿಸುವುದನ್ನು ಸ್ವಲ್ಪ ಹೊತ್ತು ನೋಡಿ, ಗುಂಡಿಯ ಮೇಲೆ ತಾವೇ ಬೆರಳಿಟ್ಟರು. ನಾನು ಕೀ ಒತ್ತಿದೆ, ಅವರು ಉಸಿರು ಕೊಟ್ಟರು. ಸುಣ್ಣ ಸಿಮೆಂಟಿಗೆ ಬಿರುಕು ಬಿಟ್ಟ ಆ ಬೆರಳು ಎಷ್ಟು ಮೃದುವಾಗಿ ಸರಿಯುತ್ತಿತ್ತು.

“ಇದರಾಗ ಪೀಪಿಗಿ ನಾಲಿಗಿ ತಾಕೂದು ಸಿಗಂಗಿಲ್ಲ. ಉಳಿದದ್ದೆಲ್ಲಾ ಹಿಡ್ದಿ,” ಎಂದರು. “ಮಳಿ ಬಂದ್ರ ನಾ ತಿರುಗಿ ಬರ್ತೇನಿ. ಆವಾಗ ಎರಡು ಶಹನಾಯಿ ಇಡೋಣು. ಒಂದು ನಂದು, ಒಂದು ನಿಂದು.”

ಮುಂದಿನ ಮುಂಗಾರು ಚೆನ್ನಾಗಿ ಹಿಡಿಯಿತು. ಚಾಚಾ ಬಂದರು. ಮರುವರ್ಷದ ಪೂರ್ಣಿಮೆಯ ಹಾಡಿನಲ್ಲಿ ಅವರು ಮುಂದೆ ನುಡಿಸಿದರು, ನಾನು ಹಿಂದಿನಿಂದ ಕೀಬೋರ್ಡಿನಲ್ಲಿ ಷಡ್ಜವೊಂದನ್ನೇ ಶ್ರುತಿಯಾಗಿ ಹಿಡಿದೆ.